ಅಗ್ಗದ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ



ಅರಸೀಕೆರೆಯಲ್ಲಿ ಕೊಬ್ಬರಿ ಮಾರಿದ ಹಣದಿಂದ ತಂದೆ ಕೊಡಿಸುವ ಲ್ಯಾಪ್‌ಟಾಪ್ ನಿಮ್ಮ ಪದವಿ ಮುಗಿಯುವವರೆಗೆ ಬಾಳಬೇಕು. ಬೇಲೂರು, ಹಳೇಬೀಡಿನಿಂದ ಬಸ್ಸಿನಲ್ಲಿ ಓಡಾಡುವವರಿಗೆ ಹಗುರವಾದ ಚಿಕ್ಕ ಯಂತ್ರವೇ ಅನುಕೂಲ. ಆದರೆ ಬೆಲೆಯೊಂದನ್ನೇ ನೋಡಬೇಡಿ.

2007ರಲ್ಲಿ ಬಂದ ಆಸುಸ್ ಈ ಪಿಸಿ 701 ಒಂದು ಕಿಲೋಗೂ ಕಡಿಮೆ ತೂಕದ್ದು. ಅದರ 512 ಎಂಬಿ ರ್‍ಯಾಮ್ ತೆಗೆದು 2 ಜಿಬಿ ಹಾಕಬಹುದಿತ್ತು. 4 ಜಿಬಿ ಸಂಗ್ರಹ ಮಾತ್ರ ಬೋರ್ಡಿಗೇ ಬೆಸುಗೆಯಾಗಿತ್ತು. ಇಂದಿನ ಅನೇಕ ಅಗ್ಗದ ಯಂತ್ರಗಳಲ್ಲಿ ರ್‍ಯಾಮ್ ಕೂಡ ಹಾಗೆಯೇ. ಆದ್ದರಿಂದ ಅಂಗಡಿಯಲ್ಲಿ ಕೇಳಿ: ರ್‍ಯಾಮ್ ಹೆಚ್ಚಿಸಬಹುದೇ? ಎಸ್‌ಎಸ್‌ಡಿ ಬದಲಿಸಬಹುದೇ? ಬ್ಯಾಟರಿ ಸಿಗುತ್ತದೆಯೇ?

ಮನೆಯಲ್ಲಿರುವ ಹಳೆಯದು ನಿಧಾನವಾಗಿದ್ದರೆ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹೊಸ ವಿಂಡೋಸ್ ಹಿಡಿಯದಿದ್ದರೆ ಉಚಿತ ಲಿನಕ್ಸ್ ಇದೆ. ದುಂದನ್ನು ನಮ್ಮ ದೀನ್ ಒಪ್ಪುವುದಿಲ್ಲ. ಉಳಿದ ಹಣ ತಂಗಿಯ ಫೀಸಿಗಾಗಲಿ.