ಊರಿಗೊಂದು ಹಳ್ಳಿಕಾರ್ ಬೀಜದ ಹೋರಿ



ನಾಗಮಂಗಲದ ಸೀಮೆಯಲ್ಲಿ ಉಳುಮೆಗೂ ಗಾಡಿಗೂ ಹೆಸರಾದುದು ಹಳ್ಳಿಕಾರ್ ರಾಸು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿತು. ಆ ತಳಿಗೂ ಹಳ್ಳಿಕಾರೇ ಮೂಲವೆಂದು ಬಲ್ಲವರು ಹೇಳುವರು.

ಇಂತಹ ರಾಸು ಕೆಡುವುದು ಮೇವಿನ ಕೊರತೆಯೊಂದರಿಂದಲೇ ಅಲ್ಲ. ಲಕ್ಷಣವಾದ ಹೋರಿಗರುವಿಗೆ ಬೀಜ ಒಡೆಸಿ, ಜೋಡಿಮಾಡಿ, ಜಾತ್ರೆಯಲ್ಲಿ ಮಾರಿಬಿಡುವರು. ಊರಿನ ಹಸುಗಳಿಗೆ ದೊರೆಯುವುದು ಯಾರಿಗೂ ಬೇಡವಾದ ಬಡಕಲು ಹೋರಿ! ಸಾಲ ತೀರಿಸಬೇಕಾದ ರೈತನನ್ನು ಇದಕ್ಕಾಗಿ ದೂರುವಂತಿಲ್ಲ. ಆದಕಾರಣ ಗ್ರಾಮಸ್ಥರೆಲ್ಲರೂ ಕೂಡಿ, ಜಾತ್ರೆಯ ಬೆಲೆಯನ್ನೇ ಆತನಿಗೆ ಕೊಟ್ಟು, ಅಂತಹ ಒಂದು ಕರುವನ್ನು ಊರಿಗೆ ಉಳಿಸಿಕೊಳ್ಳತಕ್ಕದ್ದು.

ಬೂದುಬಣ್ಣ, ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿದ ಉದ್ದ ಕೊಂಬು, ಗಟ್ಟಿ ಗೊರಸು, ಇವನ್ನು ನೋಡಬೇಕು. ತಾಯಿಯನ್ನಂತೂ ನೋಡದೆ ಆರಿಸಲಾಗದು. ಹೋರಿಯು ತನ್ನ ಕರುಗಳನ್ನೇ ಕೂಡದಂತೆ, ಅವು ಬೆದೆಗೆ ಬರುವ ಮೊದಲೇ ಅದನ್ನು ನೆರೆಯೂರಿನ ಹೋರಿಯೊಡನೆ ಬದಲಾಯಿಸಿಕೊಳ್ಳತಕ್ಕದ್ದು.