ಛಲದ ಜೊತೆಗೆ ಚೇತರಿಕೆಯೂ ಬೇಕು
(ಸಂಘದ ರಜತ ಮಹೋತ್ಸವದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ನಾವು ಓದಿದ್ದು ಬರೀ ಎಸ್.ಎಸ್.ಎಲ್.ಸಿ. ದೊಡ್ಡ ಓದಿನ ವಿಚಾರ ಮಾತಾಡುವ ಯೋಗ್ಯತೆ ನಮಗಿಲ್ಲ. ಆದರೂ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕೆನಿಸಿದೆ.

ನಮ್ಮ ಹಿರಿಯ ಮಗ ಕನ್ನಡ ಮಾಧ್ಯಮದ ಹುಡುಗ. ಪದವಿಗೆ ಪಟ್ಟಣ ಸೇರಿದ. ಪಾಠವೆಲ್ಲ ಇಂಗ್ಲೀಷು. ಹಗಲು ರಾತ್ರಿ ಓದಿದರೂ ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ಹೋದವು. ಊರಿಗೆ ಬಂದು ಕೋಣೆ ಸೇರಿದವನು ಎಂಟು ದಿನ ಯಾರೊಂದಿಗೂ ಮಾತಾಡಲಿಲ್ಲ. "ಛಲಾ ಇಲ್ಲದಾಂವ, ನಿನಗ್ಯಾಕ ಬೇಕು ಓದು?" ಅಂತ ನಾವು ಬೈದೆವು. ಅದು ನಮ್ಮ ತಪ್ಪು. ಅವನಲ್ಲಿ ಛಲ ಇತ್ತು. ಬಿದ್ದ ಮೇಲೆ ಏಳುವುದನ್ನು ನಾವು ಕಲಿಸಿರಲಿಲ್ಲ.

ದೂರದ ಗುರಿಯ ಮೇಲಿನ ಪ್ರೀತಿ, ಅದಕ್ಕಾಗಿ ವರ್ಷಗಟ್ಟಲೆ ಪಟ್ಟು ಬಿಡದ ದುಡಿಮೆ, ಇವೆರಡೂ ಸೇರಿದ್ದೇ ಛಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಏಂಜೆಲಾ ಡಕ್‌ವರ್ತ್ ಮತ್ತು ಸಂಗಡಿಗರು 2007ರಲ್ಲಿ ಬರೆದರು. ಚೇತರಿಕೆ ಎಂದರೆ ಪೆಟ್ಟು ತಿಂದ ಮೇಲೆ ಮತ್ತೆ ನೆಲೆಗೆ ಬರುವ ಶಕ್ತಿ. ಚೇತರಿಕೆ ಇಲ್ಲದ ಛಲ ಮೊದಲ ಪೆಟ್ಟಿಗೇ ಮುರಿದೀತು. ಛಲ ಇಲ್ಲದಿದ್ದರೆ, ಎದ್ದವನಿಗೆ ಎತ್ತ ಹೋಗಬೇಕೆಂಬುದೇ ತಿಳಿಯದು.

ನಮ್ಮ ಹಾವೇರಿ ಸೀಮೆಯ ರೈತರಿಗೆ ಗುಳಿ ರಾಗಿ ಗೊತ್ತು. ಎಳೆಯ ಪೈರಿನ ಮೇಲೆ ಕೊರಡು ಹೊಡೆಯುತ್ತೇವೆ. ಕಂಡವರಿಗೆ ಬೆಳೆ ಹಾಳಾಯಿತು ಅನಿಸುತ್ತದೆ. ಆದರೆ ಬಾಗಿದ ಪೈರು ಎದ್ದು ಮೊದಲಿಗಿಂತ ಹೆಚ್ಚು ತೆಂಡೆ ಒಡೆಯುತ್ತದೆ. ಅದಕ್ಕೆ ಗುಳಿಯಲ್ಲಿ ಗೊಬ್ಬರ ಇರಬೇಕು, ನೆಲದಲ್ಲಿ ಹಸಿ ಇರಬೇಕು. ಬರೀ ಪೆಟ್ಟಿನಿಂದ ಯಾವ ಪೈರೂ ಬೆಳೆದಿಲ್ಲ.

ನಮ್ಮ ಮಗನಿಗೆ ಆ ಹಸಿ ಸಿಕ್ಕಿದ್ದು ಓಣಿಯ ಹಿರಿಯ ವಿದ್ಯಾರ್ಥಿಯಿಂದ. "ನಂದೂ ಎರಡು ಹೋಗಿದ್ವಲೇ ತಮ್ಮಾ, ಬಾ, ಕೂಡಿ ಓದೂಣು" ಅಂದ. ಇವನು ತಿರುಗಿ ಕಾಲೇಜಿಗೆ ಹೋದ. ಎರಡು ಪಾಸಾಗಿವೆ, ಒಂದು ಉಳಿದಿದೆ. ಮತ್ತೆ ಪರೀಕ್ಷೆ ಕಟ್ಟಿದ್ದಾನೆ.

1905ರಲ್ಲಿ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರದ ತತ್ವವೂ ಇದೇ. ಬರ ಬಿದ್ದ ವರ್ಷ ಬೆಳೆಸಾಲವನ್ನು ಮಧ್ಯಮಾವಧಿಗೆ ಬದಲಿಸುವುದುಂಟು. ಅದು ಮನ್ನಾ ಅಲ್ಲ, ವಾಯಿದೆ. ತಂದೆ-ತಾಯಂದಿರೇ, ಮಕ್ಕಳಿಗೂ ಅಂಥ ವಾಯಿದೆ ಕೊಡೋಣ. ಮಕ್ಕಳೇ, ಮನಸ್ಸು ತೀರ ಕುಗ್ಗಿದರೆ ಮುಚ್ಚಿಡಬೇಡಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.