ಪ್ರಶ್ನೆ ಬರೆಯುವಾಗ ಜೊತೆಗೆ ಯಾರಿದ್ದರು?



 ವೈದ್ಯರು, ತಳಿವಿಜ್ಞಾನಿಗಳು, ಕಾಡಿನ ಅಧ್ಯಯನ ಮಾಡುವವರು, ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಈ ಸಮಾವೇಶದಲ್ಲಿರುವಂತೆ ಒಟ್ಟಿಗೆ ಕೂತು ಮಾತಾಡುವ ಸಂದರ್ಭ ನಮ್ಮಲ್ಲಿ ಕಡಿಮೆ. ಆದ್ದರಿಂದ ನಮ್ಮೆಲ್ಲರಿಗೂ ಸೇರಿದ ಒಂದು ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಸಂಶೋಧನೆಯೊಳಗೆ ಯಾರನ್ನು ಸೇರಿಸಿಕೊಳ್ಳುತ್ತೇವೆ, ಹೇಗೆ ಸೇರಿಸಿಕೊಳ್ಳುತ್ತೇವೆ ಎಂಬುದು ಆ ವಿಷಯ. ನಮ್ಮ ಪ್ರಬಂಧಗಳಲ್ಲಿ ಇದಕ್ಕೆ ಸಿಗುವ ಜಾಗ ವಿಧಾನದ ಅಧ್ಯಾಯದ ನಾಲ್ಕು ಸಾಲು. ಎಷ್ಟೋ ಸಲ ಫಲಿತಾಂಶ ಏನಾಗಬೇಕೆಂಬುದು ಆ ನಾಲ್ಕು ಸಾಲಿನಲ್ಲೇ ತೀರ್ಮಾನವಾಗಿಬಿಟ್ಟಿರುತ್ತದೆ.

1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ನೆಲೆಸಿದರು. ಅವರ ಬರಹಗಳಲ್ಲಿ ಅದರ ಹೆಸರು ರಾಂಪುರ. ಭಾಷೆ ಅವರದೇ, ಸೀಮೆಯೂ ಅವರದೇ. ಆದರೂ ಊರಿನ ಮುಖ್ಯಸ್ಥರ ಆಶ್ರಯದಲ್ಲಿದ್ದ ಬ್ರಾಹ್ಮಣ ಅತಿಥಿಗೆ ದಲಿತರ ಕೇರಿಯೊಳಕ್ಕೆ, ಹೆಂಗಸರ ಮಾತುಕತೆಯೊಳಕ್ಕೆ ಸಲೀಸಾಗಿ ಹೋಗಲು ಆಗಲಿಲ್ಲ. ತಾನು ಕಂಡ ಹಳ್ಳಿ ಬಹುಮಟ್ಟಿಗೆ ಮೇಲುಜಾತಿಗಳ ಕಡೆಯಿಂದ ಕಂಡ ಹಳ್ಳಿ ಎಂಬುದನ್ನು 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್' ಪುಸ್ತಕದಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಆ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ. ಊರಿಗೆ ಹೋಗುವುದು, ಊರಿನ ಭಾಷೆ ಬಲ್ಲವರಾಗಿರುವುದು ಇಷ್ಟೇ ಸಾಲದು. ಯಾರ ಮನೆಯ ಜಗುಲಿಯಲ್ಲಿ ಮೊದಲು ಕೂತಿರಿ ಎಂಬುದರ ಮೇಲೆ ಊರಿನಲ್ಲಿ ನಿಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ನಿಂತಿರುತ್ತದೆ.

ಪ್ರಯೋಗಾಲಯಕ್ಕೆ ಈ ತೊಂದರೆ ಇಲ್ಲ ಎಂದು ವಿಜ್ಞಾನದ ಮಿತ್ರರು ಅಂದುಕೊಳ್ಳಬಹುದು. ಆದರೆ ಅಲ್ಲಿಯೂ ಅದು ಇದೆ. ಗರ್ಭಿಣಿಯರು ಸೇವಿಸಿದ ಥಾಲಿಡೊಮೈಡ್ ಮಾತ್ರೆಯಿಂದ ಶಿಶುಗಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ಭಯದಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿ, ಗರ್ಭ ಧರಿಸುವ ವಯಸ್ಸಿನ ಹೆಂಗಸರನ್ನು ಹೊಸ ಔಷಧಗಳ ಆರಂಭಿಕ ಪ್ರಯೋಗಗಳಿಂದ ಹೊರಗಿಟ್ಟಿತು. ರಕ್ಷಣೆಯ ಉದ್ದೇಶದಿಂದಲೇ ಮಾಡಿದ್ದು. 1993ರಲ್ಲಿ ಆ ನಿಲುವನ್ನು ಕೈಬಿಟ್ಟರು. ಜೊಲ್ಪಿಡೆಮ್ ಎಂಬ ನಿದ್ರೆಮಾತ್ರೆ ಅಲ್ಲಿ ಮಾರುಕಟ್ಟೆಗೆ ಬಂದು ಇಪ್ಪತ್ತು ವರ್ಷ ಕಳೆದ ಮೇಲೆ, 2013ರಲ್ಲಿ, ಹೆಂಗಸರಿಗೆ ಸೂಚಿಸುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಹೆಂಗಸರ ದೇಹದಿಂದ ಅದು ನಿಧಾನವಾಗಿ ಹೊರಹೋಗುತ್ತದೆ, ಬೆಳಿಗ್ಗೆ ವಾಹನ ಓಡಿಸುವ ಹೊತ್ತಿಗೂ ರಕ್ತದಲ್ಲಿ ಉಳಿದಿರುತ್ತದೆ. ಕೋವಿಡ್ ಕಾಲದಲ್ಲಿ ನಮ್ಮ ಮನೆಮನೆಗೂ ಬಂದ ಆಕ್ಸಿಮೀಟರ್ ಕತೆಯೂ ಇದೇ ಬಗೆಯದು. 2020ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ರಕ್ತದ ಆಮ್ಲಜನಕ ನಿಜಕ್ಕೂ ಕುಸಿದಿದ್ದರೂ ಈ ಉಪಕರಣ ಸರಿಯಾಗಿದೆ ಎಂದು ತೋರಿಸಿದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ವರ್ಣದ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಬೆಳಕನ್ನು ಚರ್ಮದ ಮೂಲಕ ಹಾಯಿಸಿ ಅಳೆಯುವ ಸಾಧನವನ್ನು ಎಲ್ಲ ಬಣ್ಣದ ಚರ್ಮದ ಮೇಲೂ ಸಾಕಷ್ಟು ಪರೀಕ್ಷಿಸದೆ ಹೋದರೆ ಹೀಗಾಗುತ್ತದೆ.

ತಳಿವಿಜ್ಞಾನದಲ್ಲಿ ಅಂತರ ಇನ್ನೂ ದೊಡ್ಡದಿತ್ತು. ರೋಗ ಮತ್ತು ವಂಶವಾಹಿಗಳ ಸಂಬಂಧ ಹುಡುಕುವ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ. 81ರಷ್ಟು ಜನ ಯುರೋಪಿಯನ್ ಮೂಲದವರು ಎಂದು 2016ರ ಲೆಕ್ಕ ಹೇಳಿತ್ತು. ನಮ್ಮ ದೇಶದಲ್ಲಿ ಜಾತಿಯೊಳಗೇ ಮದುವೆಯಾಗುವ ರೂಢಿ ಹತ್ತಾರು ತಲೆಮಾರುಗಳಿಂದ ನಡೆದು ಬಂದು, ಪ್ರತಿ ಸಮುದಾಯದ ವಂಶವಾಹಿಗಳಲ್ಲಿ ಬೇರೆ ಬೇರೆ ಗುರುತು ಉಳಿಸಿದೆ. ವೈಶ್ಯ ಸಮುದಾಯದ ಕೆಲವರಿಗೆ ಅರಿವಳಿಕೆಯಲ್ಲಿ ಬಳಸುವ ಒಂದು ಸ್ನಾಯು ಸಡಿಲಿಕೆಯ ಔಷಧ ಕೊಟ್ಟರೆ ಉಸಿರಾಟ ಬಹಳ ಹೊತ್ತು ಮರಳುವುದಿಲ್ಲ. ಅದನ್ನು ಒಡೆಯುವ ಕಿಣ್ವ ಅವರಲ್ಲಿ ಇಲ್ಲ ಎಂಬುದು ಇದರ ಕಾರಣ. ಮೊದಲೇ ತಿಳಿದಿದ್ದರೆ ಬೇರೆ ಔಷಧ ಬಳಸಬಹುದು, ಅಷ್ಟೇ ಸರಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2020ರಿಂದ 20 ಸಂಸ್ಥೆಗಳನ್ನು ಜೋಡಿಸಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್‌ಗಳನ್ನು ಓದಿತು. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆದುಕೊಂಡಿತು. ಇದು ನಾವೆಲ್ಲ ಹೆಮ್ಮೆ ಪಡಬೇಕಾದ ಕೆಲಸ.

ಆದರೆ ಸೇರಿಸಿಕೊಂಡರೆ ಸಾಕು, ನ್ಯಾಯ ತಾನಾಗಿ ಬರುತ್ತದೆ ಎಂದು ಯಾರೂ ತಿಳಿಯಬಾರದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸಾವಿರಾರು ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕುವ ಅಧ್ಯಯನ ನಡೆಯಿತು. ಅವರಲ್ಲಿ ಬಹಳಷ್ಟು ಮಂದಿ ಆದಿವಾಸಿ ಮಕ್ಕಳು, ಹಾಸ್ಟೆಲ್‌ಗಳಲ್ಲಿದ್ದವರು. ಕೆಲವು ಸಾವುಗಳು ವರದಿಯಾದ ಮೇಲೆ 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ವಿಚಾರಣೆ ಹೇಳಿತು. ಲಸಿಕೆಯ ಮೇಲೆ ಅನುಮಾನ ಹುಟ್ಟಿಸುವುದು ನನ್ನ ಉದ್ದೇಶವಲ್ಲ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಒಳ್ಳೆಯ ಲಸಿಕೆ ಅದು. ನನ್ನನ್ನು ಕಲಕುವುದು ಒಪ್ಪಿಗೆ ಪತ್ರಗಳ ಸಂಗತಿ. ತಂದೆತಾಯಿಯ ಸಹಿ ಇರಬೇಕಾದ ಎಷ್ಟೋ ಪತ್ರಗಳಲ್ಲಿ ಹಾಸ್ಟೆಲ್ ವಾರ್ಡನ್ನರ, ಮುಖ್ಯೋಪಾಧ್ಯಾಯರ ಸಹಿ ಇತ್ತು. 2013ರಲ್ಲಿ ಸಂಸದೀಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಯಾವತ್ತೂ ಹೊರಗೆ ಉಳಿಯುತ್ತಿದ್ದ ಮಕ್ಕಳು ಇಲ್ಲಿ ಎಲ್ಲರಿಗಿಂತ ಮೊದಲು ಒಳಗೆ ಬಂದಿದ್ದರು. ಸುಲಭವಾಗಿ ಸಿಗುತ್ತಾರೆ, ಎದುರು ಮಾತಾಡುವುದಿಲ್ಲ ಎಂಬ ಕಾರಣಕ್ಕೆ ಯಾರನ್ನಾದರೂ ಸೇರಿಸಿಕೊಳ್ಳುವುದು ಹೊರಗಿಡುವುದಕ್ಕಿಂತ ದೊಡ್ಡ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಯಾವ ಘಟ್ಟದಲ್ಲಿ ಸೇರಿಸಿಕೊಳ್ಳಬೇಕು? ಪ್ರಶ್ನೆಯನ್ನು ಬರೆಯುವ ಘಟ್ಟದಲ್ಲಿ. ಇಂದು ನಾನು ನಿಮ್ಮ ಮುಂದಿಡಬೇಕೆಂದು ಬಂದಿರುವ ಮಾತು ಇದೊಂದೇ.

ಅಂಗವಿಕಲರ ಲೆಕ್ಕವನ್ನೇ ನೋಡಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ, ಅಂದರೆ ಜನಸಂಖ್ಯೆಯ ಶೇ. 2.21. ಕರ್ನಾಟಕದಲ್ಲಿ 13.24 ಲಕ್ಷ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಜಗತ್ತಿನ ಜನರಲ್ಲಿ ಸುಮಾರು ಶೇ. 15 ಮಂದಿಗೆ ಒಂದಲ್ಲ ಒಂದು ಬಗೆಯ ವೈಕಲ್ಯವಿದೆ ಎಂದಿತು. ಭಾರತೀಯರ ದೇಹಗಳು ಜಗತ್ತಿನ ಉಳಿದವರಿಗಿಂತ ಏಳು ಪಟ್ಟು ಗಟ್ಟಿಯಾಗಿರಲು ಸಾಧ್ಯವಿಲ್ಲ. ವ್ಯತ್ಯಾಸ ಇರುವುದು ಕೇಳುವ ರೀತಿಯಲ್ಲಿ. ಮನೆಬಾಗಿಲಲ್ಲಿ ನಿಂತು, ಅಕ್ಕಪಕ್ಕದವರು ಕೇಳಿಸಿಕೊಳ್ಳುತ್ತಿರುವಾಗ, ನಿಮ್ಮ ಮನೆಯಲ್ಲಿ ಅಂಗವಿಕಲರಿದ್ದಾರೆಯೇ ಎಂದರೆ ಮದುವೆಗೆ ಬಂದ ಮಗಳಿರುವ ಮನೆಯವರು ಏನು ಉತ್ತರ ಕೊಡುತ್ತಾರೆ? ವಯಸ್ಸಾಗಿ ಕಿವಿ ಮಂದವಾದ ಅಜ್ಜಿಯನ್ನು ಯಾರು ಆ ಪಟ್ಟಿಗೆ ಸೇರಿಸುತ್ತಾರೆ? ವಿಶ್ವಸಂಸ್ಥೆಯ ಸಂಖ್ಯಾಶಾಸ್ತ್ರ ಆಯೋಗದಡಿ 2001ರಲ್ಲಿ ರೂಪುಗೊಂಡ ವಾಷಿಂಗ್ಟನ್ ಗುಂಪು ಅಂಗವಿಕಲ ಎಂಬ ಪದವನ್ನೇ ಬಳಸದೆ ಆರು ಪ್ರಶ್ನೆಗಳನ್ನು ರೂಪಿಸಿತು. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವಾಗುತ್ತದೆಯೇ? ಮೆಟ್ಟಿಲು ಹತ್ತಲು ಕಷ್ಟವೇ? ನೆನಪಿಟ್ಟುಕೊಳ್ಳಲು, ಸ್ನಾನ ಮಾಡಲು, ಬಟ್ಟೆ ತೊಡಲು? ಉತ್ತರ ಹೌದು, ಇಲ್ಲ ಎಂದಲ್ಲ. ಕಷ್ಟವಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ ಎಂಬ ನಾಲ್ಕು ಮೆಟ್ಟಿಲು. ಪ್ರಶ್ನೆ ಬದಲಾದ ಕೂಡಲೇ ಮರೆಯಲ್ಲಿದ್ದವರು ಲೆಕ್ಕಕ್ಕೆ ಬರುತ್ತಾರೆ.

ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ 1970ರ ದಶಕದಲ್ಲಿ ಮಾಡಿದ್ದೂ ಇದನ್ನೇ. ಕೆಲಸ ಮಾಡುತ್ತೀರಾ ಎಂದು ಕೇಳಿದರೆ ಹಳ್ಳಿಯ ಹೆಂಗಸು ಇಲ್ಲ, ಮನೆಯಲ್ಲೇ ಇರುತ್ತೇನೆ ಅನ್ನುತ್ತಾಳೆ. ಗಣತಿಯವರು ಹಾಗೆಯೇ ಬರೆದುಕೊಳ್ಳುತ್ತಾರೆ. ಮಾಲಿನಿ ಚಂದ್ ಅವರ ಜೊತೆ ಸೇರಿ ದೇವಕಿ ಜೈನ್ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಆರು ಹಳ್ಳಿಗಳಲ್ಲಿ ಆ ಪ್ರಶ್ನೆಯನ್ನು ಬಿಟ್ಟು, ಯಾರ ಹೊತ್ತು ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಲೆಕ್ಕ ಇಡಿಸಿದರು. ಮೇವು ತರುವುದು, ದನ ನೋಡುವುದು, ಧಾನ್ಯ ಹಸನು ಮಾಡುವುದು ಎಲ್ಲವೂ ಹೊರಬಂದವು. ದೇಶದಾದ್ಯಂತ ಮೊದಲ ಸಮಯ ಬಳಕೆ ಸಮೀಕ್ಷೆ ನಡೆದದ್ದು 2019ರಲ್ಲಿ. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಅದೇ ಕೆಲಸದಲ್ಲಿ ತೊಡಗಿದ ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಅದು ತಿಳಿಸಿತು. ಆರು ಹಳ್ಳಿಗಳ ವಿಧಾನ ದೇಶದ ಸಮೀಕ್ಷೆಯಾಗಲು ನಾಲ್ಕು ದಶಕ ಹಿಡಿಯಿತು ಎನ್ನುವುದು ನನಗೆ ನೋವಿನ ಸಂಗತಿ.

ಈಗ ಬಿಳಿಗಿರಿರಂಗನ ಬೆಟ್ಟಕ್ಕೆ ಬನ್ನಿ. ಈ ಉದಾಹರಣೆ ನನಗೆ ಎಲ್ಲಕ್ಕಿಂತ ಪ್ರಿಯ. ಆ ಕಾಡಿನ ತುಂಬ ಇಂದು ಲಂಟಾನ ಹಬ್ಬಿದೆ. ನೆಲ್ಲಿ ಮರಗಳ ಮೇಲೆ ಬಂದಳಿಕೆ ಬೆಳೆದು ಮರಗಳು ಸಾಯುತ್ತಿವೆ, ಅಲ್ಲಿನ ಆದಿವಾಸಿಗಳಾದ ಸೋಲಿಗರು ಬಂದಳಿಕೆಗೆ ಉಪ್ಪಿಲು ಅನ್ನುತ್ತಾರೆ. ವಿಜ್ಞಾನಿಗಳು ಅಳತೆ ಮಾಡಿ ಹಬ್ಬುವಿಕೆಯ ವೇಗವನ್ನು ದಾಖಲಿಸಿದ್ದರು. ಯಾಕೆ ಹಬ್ಬಿತು ಎಂದು ಸೋಲಿಗ ಹಿರಿಯರನ್ನು ಕೇಳಿದಾಗ ಬಂದ ಉತ್ತರ ತರಗು ಬೆಂಕಿ. ಬೇಸಿಗೆ ಏರುವ ಮೊದಲೇ ಒಣಗಿದ ಎಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ ಅದು. ನೆಲದಲ್ಲೇ ಹರಿದು ಆರಿಹೋಗುತ್ತಿತ್ತು. ಲಂಟಾನದ ಸಸಿಗಳನ್ನೂ ಉಪ್ಪಿಲನ್ನೂ ಹತೋಟಿಯಲ್ಲಿಡುತ್ತಿತ್ತು ಎಂಬುದು ಅವರ ವಿವರಣೆ. ಕಾಡು ಅಭಯಾರಣ್ಯವಾದ ಮೇಲೆ ಎಲ್ಲ ಬೆಂಕಿಯೂ ಅಪರಾಧವಾಯಿತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಈ ಮಾತನ್ನು ಅಧ್ಯಯನದ ಊಹೆಯಾಗಿ ಎತ್ತಿಕೊಂಡರು. ಸೋಲಿಗ ಸಮುದಾಯದಿಂದಲೇ ಬಂದ ಸಿ. ಮಾದೇಗೌಡ ಈ ಕಾಡಿನ ಬಗ್ಗೆ ಅವರ ಜೊತೆ ಪ್ರಬಂಧ ಬರೆದ ಸಹಲೇಖಕರಲ್ಲಿ ಒಬ್ಬರು. ಸೋಲಿಗರು ಹೇಳಿದ ಪ್ರತಿಯೊಂದನ್ನೂ ಪರೀಕ್ಷಿಸದೆ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. ಉಪ್ಪಿಲಿನ ಬಗ್ಗೆ ಇನ್ನೊಂದು ತಂಡ ಸೋಲಿಗರ ಅರಿವನ್ನೂ ಪರಿಸರ ವಿಜ್ಞಾನದ ದತ್ತಾಂಶವನ್ನೂ ಪಕ್ಕಪಕ್ಕ ಇಟ್ಟು ನೋಡಿತು, ಕೆಲವು ಕಡೆ ಹೊಂದಿದವು, ಕೆಲವು ಕಡೆ ಹೊಂದಲಿಲ್ಲ. ಒಬ್ಬರ ತಿಳಿವಳಿಕೆಯನ್ನು ಪರೀಕ್ಷೆಗೆ ಯೋಗ್ಯವೆಂದು ಭಾವಿಸುವುದೇ ವಿಜ್ಞಾನ ಅವರಿಗೆ ಕೊಡಬಹುದಾದ ಗೌರವ.

ಅಲ್ಲಿನ ನಕ್ಷೆಯ ಕೆಲಸವನ್ನೂ ಹೇಳಲೇಬೇಕು. ಸೋಲಿಗರ ಪ್ರತಿ ಕುಲಕ್ಕೂ ಒಂದೊಂದು ಯೆಲ್ಲೆ, ಅಂದರೆ ಆ ಕುಲಕ್ಕೆ ಸೇರಿದ ಕಾಡಿನ ಸೀಮೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು. ಸೋಲಿಗರೇ ಮುಂದೆ ನಡೆದು, ಜಿಪಿಎಸ್ ಹಿಡಿದ ಸಂಶೋಧಕರು ಹಿಂದೆ ನಡೆದು ನೂರಾರು ತಾಣಗಳನ್ನು ಗುರುತಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ತಮ್ಮ ಕಾಡು ತಮ್ಮ ಹೆಸರುಗಳಲ್ಲೇ ಇರುವ ನಕ್ಷೆ ಈಗ ಅವರ ಬಳಿ ಇದೆ.

ಮೈಸೂರಿನ ಆಶೋದಯ ಸಮಿತಿಯ ಹೆಸರನ್ನೂ ನೆನೆಯುತ್ತೇನೆ. 2005ರಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿಕೊಂಡ ಸಂಘಟನೆ ಅದು. ಮತದಾರರ ಪಟ್ಟಿಯಿಂದಾಗಲಿ ಮನೆಗಳ ಪಟ್ಟಿಯಿಂದಾಗಲಿ ಮಾದರಿ ಆರಿಸಲಾಗದ ಸಮುದಾಯ. ಇಂಥವರನ್ನು ತಲುಪಲು 1997ರಲ್ಲಿ ಡಗ್ಲಸ್ ಹೆಕಥಾರ್ನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಒಂದು ವಿಧಾನ ರೂಪಿಸಿದರು: ಭಾಗವಹಿಸಿದವರೇ ತಮ್ಮ ಪರಿಚಯದ ಕೆಲವರಿಗೆ ಚೀಟಿ ಕೊಟ್ಟು ಕರೆತರುವುದು, ಯಾರ ಬಳಗ ಎಷ್ಟು ದೊಡ್ಡದು ಎಂಬುದನ್ನು ಗಣಿತದಲ್ಲಿ ಸರಿದೂಗಿಸುವುದು. ಉಪಯುಕ್ತ ವಿಧಾನ, ಸರಿ. ಆದರೆ ಆಶೋದಯ ಅದಕ್ಕಿಂತ ಮುಂದೆ ಹೋಯಿತು. ಎಚ್‌ಐವಿ ತಡೆಯುವ ಮಾತ್ರೆಯ ಪ್ರಾಯೋಗಿಕ ಯೋಜನೆ ಶುರುವಾಗುವ ಮೊದಲೇ, ಇದು ನಮಗೆ ಬೇಕೇ, ಬೇಕಾದರೆ ಹೇಗೆ ಎಂದು ಅವರೇ ತಮ್ಮವರ ನಡುವೆ ಕೇಳಿ ತಿಳಿದುಕೊಂಡರು. ದಕ್ಷಿಣ ಆಫ್ರಿಕಾದ ಸ್ಯಾನ್ ಜನ 2017ರಲ್ಲಿ ಸಂಶೋಧಕರಿಗೆಂದೇ ತಮ್ಮದೊಂದು ನೀತಿಸಂಹಿತೆ ಬರೆದು ಪ್ರಕಟಿಸಿದರು. ಈ ಎರಡೂ ಕಡೆ ನಿಯಮ ಹಾಕಿದವರು ಸಂಶೋಧನೆಗೆ ಒಳಗಾಗುವವರೇ.

ಇದಕ್ಕೆಲ್ಲ ಹೊತ್ತು ಬೇಕು, ಹಣ ಬೇಕು. ನಮ್ಮ ಅನುದಾನದ ಅರ್ಜಿಗಳಲ್ಲಿ ಉಪಕರಣಕ್ಕೆ, ಪ್ರಯಾಣಕ್ಕೆ, ದತ್ತಾಂಶ ಸಂಗ್ರಹಕ್ಕೆ ಕಲಮುಗಳಿವೆ. ಪ್ರಶ್ನೆ ಬರೆಯುವ ಮೊದಲು ಜನರ ಜೊತೆ ಕೂರುವ ಆರು ತಿಂಗಳಿಗೆ ಕಲಮು ಇಲ್ಲ. ಅಂಥ ಕಲಮು ಬೇಕೆಂದು ನಾವು ಒಟ್ಟಾಗಿ ಕೇಳಬೇಕು. ಊರಿನವರು ದತ್ತಾಂಶ ಸಂಗ್ರಹಿಸಿಕೊಟ್ಟರೆ ಅವರಿಗೆ ಸಂಬಳ ಕೊಡಬೇಕು, ಚಿಂತನೆ ಕೊಟ್ಟರೆ ಲೇಖಕರ ಸಾಲಿನಲ್ಲಿ ಹೆಸರು ಕೊಡಬೇಕು. ಫಲಿತಾಂಶ ಇಂಗ್ಲಿಷ್ ನಿಯತಕಾಲಿಕದಲ್ಲಿ ಬರುವ ಮೊದಲು ಕನ್ನಡದಲ್ಲಿ, ತುಳುವಿನಲ್ಲಿ, ಕೊಡವದಲ್ಲಿ, ಲಂಬಾಣಿಯಲ್ಲಿ, ಆ ಊರಿನ ಮಾತಿನಲ್ಲಿ ಆ ಊರಿನವರ ಮುಂದೆ ಓದಿ ಹೇಳಬೇಕು. ಅವರು ತಪ್ಪು ಎಂದರೆ ಆ ಆಕ್ಷೇಪವನ್ನೂ ಪ್ರಬಂಧದಲ್ಲಿ ಅಚ್ಚು ಹಾಕಬೇಕು. ಮಾರ್ಗದರ್ಶಕರು ತಮ್ಮ ವಿದ್ಯಾರ್ಥಿಗಳಿಗೆ ಇಷ್ಟು ಕೆಲಸಕ್ಕೆ ಹೊತ್ತು ಬಿಟ್ಟುಕೊಡಲಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಈ ಅಂಶಗಳನ್ನೆಲ್ಲ ಸೇರಿಸಿ ಒಂದು ನಿರ್ಣಯದ ಕರಡನ್ನು ಸಿದ್ಧಪಡಿಸಿದ್ದೇವೆ. ನಮ್ಮ ಸಮಾವೇಶಕ್ಕೆ ಬರುವ ಪ್ರತಿ ಪ್ರಬಂಧವೂ ತಾನು ಯಾರನ್ನು ಹೊರಗೆ ಬಿಟ್ಟಿದೆ, ಯಾಕೆ ಬಿಟ್ಟಿದೆ ಎಂಬುದನ್ನು ಒಂದು ಪುಟದಲ್ಲಿ ಹೇಳಬೇಕು ಎಂಬುದು ಅದರ ಮೊದಲ ಕಲಮು. ಪ್ರತಿಗಳು ಕನ್ನಡದಲ್ಲಿವೆ, ಬ್ರೈಲ್‌ನಲ್ಲಿಯೂ ಇವೆ, ನೋಂದಣಿ ಮೇಜಿನ ಹತ್ತಿರ ಸಿಗುತ್ತವೆ. ನಾಳೆ ಬೆಳಗಿನ ಗೋಷ್ಠಿಯಲ್ಲಿ ಅದರ ಮೇಲೆ ಮೊದಲು ಮಾತಾಡುವವರು ನಮ್ಮ ಅಧ್ಯಯನಗಳಲ್ಲಿ ಭಾಗವಹಿಸಿದ ಹಳ್ಳಿ ಮತ್ತು ಹಾಡಿಗಳಿಂದ ಬಂದಿರುವ ಪ್ರತಿನಿಧಿಗಳು. ಅವರ ಮಾತು ಮುಗಿದ ಮೇಲೆ ನಿಮ್ಮ ತಿದ್ದುಪಡಿಗಳನ್ನು ತೆಗೆದುಕೊಳ್ಳುತ್ತೇವೆ.